ಎರಡು ರೂಪಾಯಿಗೆ ಒಳಗೆ

ಮೈಸೂರಿನವರಿಗೆ ವಿಮಾನ ಪ್ರಯಾಣ ಅಂದರೆ ಅರ್ಧಕ್ಕಿಂತ ಜಾಸ್ತಿ ಬಸ್ ಪ್ರಯಾಣವೇ. ವಿಮಾನ ದೆಹಲಿಗೆ ಮೂರು ಗಂಟೆಯೊಳಗೆ ಮುಟ್ಟಿಸುತ್ತದೆ, ಆದರೆ ಅದನ್ನು ಹತ್ತಲು ಇಲ್ಲಿಂದ ದೇವನಹಳ್ಳಿ ಮುಟ್ಟುವುದಕ್ಕೆ ಫ್ಲೈಬಸ್ಸಿನಲ್ಲಿ ನಾಲ್ಕು ಗಂಟೆಯಾದರೂ ಬೇಕು, ಅದೂ ಬೆಂಗಳೂರು ಮನಸ್ಸು ಮಾಡಿದರೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಕೆಂಗೇರಿವರೆಗೆ ಏನೂ ತೊಂದರೆಯಿಲ್ಲ (ಮಂಡ್ಯ ಕಾಣುವುದಿಲ್ಲ, ಮದ್ದೂರು ಕಾಣುವುದಿಲ್ಲ, ವಡೆಯೂ ಸಿಗುವುದಿಲ್ಲ, ಆ ದುಃಖ ಬೇರೆ). ಅಲ್ಲಿಂದ ಮುಂದಿನದು ದೇವರ ಕೈಯಲ್ಲಿ. ಹೆಬ್ಬಾಳವನ್ನು ನಂಬಿ ಮನೆ ಬಿಡುವ ಮೈಸೂರಿನವರನ್ನು ನಾನಂತೂ ನೋಡಿಲ್ಲ. ಎಲ್ಲರೂ ಎರಡು ಗಂಟೆ ಹೆಚ್ಚಿಗೆ ಇಟ್ಟುಕೊಂಡೇ ಹೊರಡುತ್ತಾರೆ, ಮನೆಯ ಹಿರಿಯರು ಅದರ ಮೇಲೆ ಇನ್ನೊಂದು ಗಂಟೆ ಸೇರಿಸುತ್ತಾರೆ, ಆಮೇಲೆ ಅವತ್ತೇ ಹೆಬ್ಬಾಳ ಖಾಲಿ ಇರುತ್ತದೆ. ವಿಮಾನ ರಾತ್ರಿ ಎಂಟಕ್ಕೆ. ನಾವು ಮಧ್ಯಾಹ್ನ ಮೂರಕ್ಕೇ ನಿಲ್ದಾಣದಲ್ಲಿ ಬ್ಯಾಗು ಹಿಡಿದು ನಿಂತಿರುತ್ತೇವೆ.

ವಿಮಾನ ನಿಲ್ದಾಣದೊಳಗೆ ಲೌಂಜ್ ಅಂತ ಇರುತ್ತದೆ, ವಿಮಾನ ಹೊರಡುವವರೆಗೆ ಆರಾಮಾಗಿ ಕೂತು ತಿನ್ನುವ ಜಾಗ. ಬೆಂಗಳೂರಿನವರಿಗೆ ಅದು ಒಂದು ಶೋಕಿ ಇರಬಹುದು. ನಮಗೆ ಅದು ಅಗತ್ಯ. ಇದನ್ನು ಯಾರೂ ಒಪ್ಪುವುದಿಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ.

ಹೊರಗೆ ಗೇಟಿನ ಹತ್ತಿರ ಕೂತರೆ ಏನಿದೆ? ಕಬ್ಬಿಣದ ಕುರ್ಚಿ, ಯಾರೋ ಸ್ಪೀಕರ್ ಹಾಕಿಕೊಂಡು ನೋಡುವ ವಿಡಿಯೊ, ಎಲ್ಲ ಪ್ಲಗ್ಗಿನಲ್ಲೂ ಇನ್ಯಾರದೋ ಚಾರ್ಜರ್. ಕಾಫಿ ಕುಡಿಯೋಣ ಅಂದರೆ ಅದರ ಬೆಲೆಗೆ ದೇವರಾಜ ಅರಸು ರಸ್ತೆಯಲ್ಲಿ ಮನೆಮಂದಿಯೆಲ್ಲ ಟಿಫನ್ ಮುಗಿಸಬಹುದು. ಈ ದೂರು ದೇಶದ ತುಂಬ ಎಷ್ಟಿತ್ತು ಅಂದರೆ 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತ ವಿಮಾನ ನಿಲ್ದಾಣದಲ್ಲಿ ಸರ್ಕಾರವೇ ಉಡಾನ್ ಯಾತ್ರಿ ಕೆಫೆ ಅಂತ ಒಂದು ಅಂಗಡಿ ತೆಗೆಯಿತು. ಟೀ 10 ರೂಪಾಯಿ, ಕಾಫಿ 20 ರೂಪಾಯಿ. ಜನ ಅದನ್ನು ಫೋಟೊ ತೆಗೆದು ಎಲ್ಲರಿಗೂ ಕಳಿಸಿದರು. ಹತ್ತು ರೂಪಾಯಿಗೆ ಟೀ ಸಿಕ್ಕಿದ್ದೇ ಒಂದು ಸುದ್ದಿ ಆಯಿತು, ನೋಡಿ.

ಇಂಥ ಜಾಗದಲ್ಲೇ ಒಂದು ಗಾಜಿನ ಬಾಗಿಲು ಇರುತ್ತದೆ. ಒಳಗೆ ಸೋಫಾ, ಇಡ್ಲಿ, ಬಿಸಿಬೇಳೆಬಾತು, ಮೆಷಿನ್ ಕಾಫಿ, ವೈಫೈ, ಶುಚಿಯಾದ ಬಾತ್‌ರೂಮು. ಎಷ್ಟು ಬೇಕೋ ಅಷ್ಟು ತಿನ್ನಿ, ಬಿಲ್ ಇಲ್ಲ. ಕಾರ್ಡ್ ಉಜ್ಜಿದರೆ ಎರಡು ರೂಪಾಯಿ ಕಟ್ ಆದ ಮೆಸೇಜು ಬರುತ್ತದೆ, ಅಷ್ಟೇ. ಆ ಎರಡು ರೂಪಾಯಿ ಊಟದ ಬೆಲೆಯಲ್ಲ, ಕಾರ್ಡು ಚಾಲ್ತಿಯಲ್ಲಿದೆಯಾ, ಅದಕ್ಕೆ ಲೌಂಜಿನ ಹಕ್ಕು ಇದೆಯಾ ಅಂತ ಬ್ಯಾಂಕಿನ ಕಂಪ್ಯೂಟರನ್ನು ಕೇಳಿ ನೋಡಲು ಒಂದು ನೆಪ. ಕೆಲವು ಕಾರ್ಡುಗಳಿಗೆ ಅದು 25 ರೂಪಾಯಿ. ಆದರೆ ಜನರ ಬಾಯಲ್ಲಿ ಉಳಿದಿರುವುದು ಎರಡು ರೂಪಾಯಿಯೇ.

ನಮ್ಮ ಅತ್ತೆಗೆ ಇದನ್ನು ವಿವರಿಸುವುದಕ್ಕೆ ಸಾಕುಸಾಕಾಗಿ ಹೋಯಿತು.

"ಎರಡು ರೂಪಾಯಿಗೆ ಊಟ ಹಾಕಿದರೆ ಅವರಿಗೆ ಏನ್ ಗಿಟ್ಟತ್ತೆ?"

"ಬ್ಯಾಂಕಿನವರು ಕೊಡ್ತಾರೆ ಅತ್ತೆ."

"ಬ್ಯಾಂಕಿನವರು ಯಾಕಪ್ಪಾ ಕೊಡ್ತಾರೆ? ನೀನೇನು ಅವರ ಅಳಿಯನಾ?"

ಪ್ರಶ್ನೆ ಸರಿಯಾಗಿಯೇ ಇದೆ. ಒಳಗೆ ಹೋದ ಪ್ರತಿ ತಲೆಗೂ ಲೌಂಜಿನವರು ಲೆಕ್ಕ ಬರೆದು ಬಿಲ್ ಕಳಿಸುತ್ತಾರೆ. ಆ ಬಿಲ್ಲು ಬ್ಯಾಂಕಿಗೋ, ವೀಸಾ, ಮಾಸ್ಟರ್‌ಕಾರ್ಡ್, ರುಪೇ ಅಂತ ಕಾರ್ಡಿನ ಮೂಲೆಯಲ್ಲಿ ಬರೆದಿರುವ ಕಂಪನಿಗೋ ಹೋಗುತ್ತದೆ. ಅವರು ಅದನ್ನು ನಮ್ಮ ವಾರ್ಷಿಕ ಶುಲ್ಕದಲ್ಲೋ, ನಾವು ಕಟ್ಟಲು ಮರೆತ ತಿಂಗಳ ಬಡ್ಡಿಯಲ್ಲೋ, ಅಂಗಡಿಯವನು ಕೊಡುವ ಕಮಿಷನ್ನಿನಲ್ಲೋ ವಸೂಲಿ ಮಾಡಿಕೊಂಡಿರುತ್ತಾರೆ. ಅತ್ತೆ ಇದನ್ನು ಕೇಳಿ, "ಹಾಗಾದರೆ ನಿನ್ನ ದುಡ್ಡೇ" ಅಂದು ಒಳಗೆ ಹೋದರು.

ಲೌಂಜಿನ ಇತಿಹಾಸವೂ ಶುರುವಿನಿಂದ ಹೀಗೇ. 1939ರಲ್ಲಿ ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣದಲ್ಲಿ ಅಮೆರಿಕನ್ ಏರ್‌ಲೈನ್ಸ್ 'ಅಡ್ಮಿರಲ್ಸ್ ಕ್ಲಬ್' ಅಂತ ತೆಗೆದದ್ದು ವಿಮಾನ ಕಂಪನಿಗಳ ಲೌಂಜುಗಳಲ್ಲಿ ಮೊದಲನೆಯದು. ಆಗ ದುಡ್ಡು ಕೊಟ್ಟರೂ ಪ್ರವೇಶ ಇಲ್ಲ, ಕಂಪನಿಯವರು ಗಣ್ಯರು ಅಂತ ಯಾರನ್ನು ಕರೆಯುತ್ತಾರೋ ಅವರು ಮಾತ್ರ. ಚಂದಾ ಕಟ್ಟಿ ಸದಸ್ಯರಾಗುವುದೆಲ್ಲ ಆಮೇಲೆ ಬಂತು. 1990ರ ದಶಕದಲ್ಲಿ ಚಿತ್ರ ಬದಲಾಯಿತು. 1992ರಲ್ಲಿ ಪ್ರಯಾರಿಟಿ ಪಾಸ್ ಶುರುವಾಯಿತು, ಯಾವ ಕಂಪನಿಯ ಟಿಕೆಟ್ ಇದ್ದರೂ ಒಂದೇ ಕಾರ್ಡಿನಲ್ಲಿ ಬೇರೆ ಬೇರೆ ಊರಿನ ಲೌಂಜಿಗೆ ಹೋಗಬಹುದು ಅಂತ. 1998ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲಾಜಾ ಪ್ರೀಮಿಯಂ ಶುರುವಾಗಿ, ದುಡ್ಡು ಕೊಡುವ ಯಾರು ಬೇಕಾದರೂ ಬನ್ನಿ ಅಂತ ಬಾಗಿಲು ತೆಗೆಯಿತು.

ಮೈಸೂರಿನವರಿಗೆ ಇದನ್ನೆಲ್ಲ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ನಾವು ದಸರಾ ಪಾಸಿನಲ್ಲಿ ಪಳಗಿದವರು. ಜಂಬೂಸವಾರಿ ನೋಡಲು ದುಡ್ಡು ಕೊಟ್ಟು ಗೋಲ್ಡ್ ಕಾರ್ಡ್ ತಗೊಳ್ಳುವವರು ಒಂದು ಜಾತಿ, ಯಾರದೋ ಆಫೀಸಿನಿಂದ ಪಾಸು ತರಿಸುವವರು ಇನ್ನೊಂದು ಜಾತಿ, ಬೆಳಿಗ್ಗೆಯೇ ಬಂದು ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿನಲ್ಲಿ ಟವೆಲ್ ಹಾಸಿ ಕೂರುವವರು ಮೂರನೆಯವರು. ಆನೆ ಎಲ್ಲರಿಗೂ ಒಂದೇ. ಆದರೆ ಪಾಸು ಹೇಗೆ ಸಿಕ್ಕಿತು ಅಂತ ಹೇಳಿಕೊಳ್ಳುವಾಗ ಮುಖದಲ್ಲಿ ಬರುವ ಕಳೆ ಇದೆಯಲ್ಲ, ಅದು ದುಡ್ಡು ಕೊಟ್ಟವನ ಮುಖದಲ್ಲಿ ಬರುವುದಿಲ್ಲ. ಲೌಂಜಿನಲ್ಲೂ ಅದೇ. ಬಾಗಿಲಲ್ಲಿ ಸಾವಿರ, ಒಂದೂವರೆ ಸಾವಿರ ಕೊಟ್ಟು ಒಳಗೆ ಬಂದವನು ತನ್ನ ಪಾಡಿಗೆ ತಿಂದು ಹೋಗುತ್ತಾನೆ. ಎರಡು ರೂಪಾಯಿಗೆ ಬಂದವನು ಮಾತ್ರ ತಟ್ಟೆಯ ಫೋಟೊ ಹಾಕುತ್ತಾನೆ.

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಬರುವ ನಿವೃತ್ತರ ಒಂದು ಗುಂಪಿದೆ. ಮೊದಲು ಶುಗರ್ ಎಷ್ಟು ಅಂತ ಮಾತಾಡುತ್ತಿದ್ದರು. ಮಕ್ಕಳೆಲ್ಲ ಪುಣೆ, ಹೈದರಾಬಾದ್, ಅಮೆರಿಕ ಅಂತ ಚದುರಿದ ಮೇಲೆ ಈಗ "ಸಾರ್, ನಿಮ್ದು ಯಾವ ಕಾರ್ಡು?" ಅಂತ ಮಾತು. ಇವರಿಂದ ನಾನು ಕಲಿತದ್ದು ಯಾವ ಬ್ಯಾಂಕಿನ ಬ್ರೋಷರಿನಲ್ಲೂ ಸಿಗುವುದಿಲ್ಲ.

ಮೊದಲನೆಯದು, ಕಾರ್ಡಿನ ಬಣ್ಣ ನೋಡಿ ಮೋಸ ಹೋಗಬೇಡಿ. ಕಪ್ಪಗೆ ಮಿಂಚುವ ಕಾರ್ಡಿಗೆ ಲೌಂಜ್ ಇಲ್ಲದೆ ಇರಬಹುದು, ಸಂಬಳದ ಖಾತೆಯ ಜೊತೆ ಬಂದ ಸಾದಾ ಡೆಬಿಟ್ ಕಾರ್ಡಿಗೆ ಮೂರು ತಿಂಗಳಿಗೆ ಒಂದು ಸಲ ಇರಬಹುದು. ಆ ಮೂರು ತಿಂಗಳೂ ನೀವು ಹೋದ ದಿನದಿಂದ ಅಲ್ಲ, ಹೆಚ್ಚಿನ ಕಾರ್ಡುಗಳಲ್ಲಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕಿನಿಂದ ಲೆಕ್ಕ. ಕಾರ್ಡ್ ಒಬ್ಬರದು, ಪ್ರವೇಶವೂ ಒಬ್ಬರಿಗೆ. ಗಂಡನ ಕಾರ್ಡಿನಲ್ಲಿ ಹೆಂಡತಿ ಹೋಗುವಂತಿಲ್ಲ, ಬೋರ್ಡಿಂಗ್ ಪಾಸಿನ ಹೆಸರೂ ಕಾರ್ಡಿನ ಹೆಸರೂ ಒಂದೇ ಇರಬೇಕು. ಹೀಗಾಗಿ ಎಷ್ಟೋ ದಂಪತಿಗಳು ಬಾಗಿಲಲ್ಲೇ ಬೇರೆಯಾಗುವುದನ್ನು ನೋಡಿದ್ದೇನೆ. "ನೀವು ತಿಂದ್ಕೊಂಡು ಬನ್ನಿ, ನಾನು ಇಲ್ಲೇ ಬ್ಯಾಗ್ ನೋಡ್ಕೋತೀನಿ" ಅನ್ನುವ ಹೆಂಗಸಿನ ದನಿಯಲ್ಲಿ ಏನೇನಿರುತ್ತದೆ ಅಂತ ಆ ಗಂಡಸರಿಗೆ ಅರ್ಥವಾಗುವುದು ಮನೆಗೆ ಬಂದ ಮೇಲೆ.

ಇನ್ನೊಂದು, ಖರ್ಚಿನ ಷರತ್ತು. ಲೌಂಜಿನ ಬಾಗಿಲಲ್ಲಿ ಕ್ಯೂ ಬೆಳೆದಷ್ಟೂ ಬ್ಯಾಂಕುಗಳ ಬಿಲ್ಲೂ ಬೆಳೆಯಿತು. ಈಗ ಹಲವು ಕಾರ್ಡುಗಳಲ್ಲಿ ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಸಾವಿರ ಖರ್ಚು ಮಾಡಿದ್ದರೆ ಮಾತ್ರ ಈ ಮೂರು ತಿಂಗಳು ಒಳಗೆ ಬಿಡುತ್ತಾರೆ. ಕೆಲವರು ಮೊದಲೇ ಆ್ಯಪಿನಲ್ಲಿ ವೋಚರ್ ತಗೊಂಡಿರಬೇಕು ಅನ್ನುತ್ತಾರೆ. ಈ ಬದಲಾವಣೆಯನ್ನು ತಿಳಿಸುವ ಮೇಲ್, ಲೋನ್ ಬೇಕಾ ಅಂತ ಬರುವ ನೂರು ಮೇಲ್‌ಗಳ ಮಧ್ಯೆ ಬಂದಿರುತ್ತದೆ. ಹಾಗಾಗಿ ಹೊರಡುವ ಹಿಂದಿನ ರಾತ್ರಿಯೇ ಬ್ಯಾಂಕಿನ ವೆಬ್‌ಸೈಟಿನಲ್ಲಿ ನಿಮ್ಮ ಕಾರ್ಡಿನ ಹೆಸರು, ಲೌಂಜಿನ ಹೆಸರು, ಟರ್ಮಿನಲ್ ಮೂರೂ ನೋಡಿಕೊಳ್ಳಿ. ಟರ್ಮಿನಲ್ ಯಾಕೆ ಅಂದರೆ ಬೆಂಗಳೂರಿನಲ್ಲಿ ಒಂದನೇ ಟರ್ಮಿನಲ್‌ನಿಂದ ಹೊರಡುವವರು ಎರಡನೆಯದರ ಲೌಂಜಿಗೆ ಹೋಗಿ ಬರುವಂತಿಲ್ಲ.

ಮಧ್ಯವರ್ತಿಗಳ ಕಥೆ ಇನ್ನೂ ಇದೆ. ನಮ್ಮ ದೇಶದಲ್ಲಿ ಬ್ಯಾಂಕಿಗೂ ಲೌಂಜಿಗೂ ನಡುವೆ ನಿಂತು ಈ ವ್ಯವಹಾರ ನೋಡಿಕೊಳ್ಳುತ್ತಿದ್ದ ದೊಡ್ಡ ಕಂಪನಿ ಡ್ರೀಮ್‌ಫೋಕ್ಸ್. 2022ರಲ್ಲಿ ಷೇರುಪೇಟೆಗೂ ಬಂತು. 2025ರಲ್ಲಿ ದೇಶದೊಳಗಿನ ಲೌಂಜ್ ವ್ಯವಹಾರವನ್ನೇ ನಿಲ್ಲಿಸಿತು, ಲೌಂಜಿನವರೂ ಬ್ಯಾಂಕಿನವರೂ ನೇರವಾಗಿ ಮಾತಾಡಿಕೊಳ್ಳಲು ಶುರು ಮಾಡಿದ್ದರು. ಮಧ್ಯದವರು ಹೋದರೆ ನಮಗೆ ಲಾಭ ಅಂದುಕೊಳ್ಳುವುದು ರೈತಸಂತೆಯಲ್ಲಿ ಸರಿ. ಇಲ್ಲಿ ಹೇಳಲಾಗುವುದಿಲ್ಲ.

ಪ್ರಯಾರಿಟಿ ಪಾಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಕ್ರೆಡಿಟ್ ಕಾರ್ಡಿನ ಜೊತೆ ಅದನ್ನು ಉಚಿತವಾಗಿ ಕೊಡುತ್ತಾರೆ. ಉಚಿತ ಇರುವುದು ಸದಸ್ಯತ್ವ. ಒಳಗೆ ಹೋದ ಒಂದೊಂದು ಸಲಕ್ಕೂ ಸುಮಾರು 30 ಡಾಲರ್ ಮುಂದಿನ ತಿಂಗಳ ಬಿಲ್ಲಿನಲ್ಲಿ ಬಂದು ಕೂರಬಹುದು. ಎಷ್ಟು ಭೇಟಿ ಪುಕ್ಕಟೆ, ದೇಶದೊಳಗೋ ಹೊರಗೋ ಅಂತ ಕೇಳಿಕೊಂಡೇ ಹೋಗಬೇಕು.

ಇದೆಲ್ಲ ಬೇಡ ಅನ್ನುವವರಿಗೆ ಬಿಸಿನೆಸ್ ಕ್ಲಾಸ್ ಟಿಕೆಟ್ ಇದೆ, ಅದರ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಆಫೀಸಿನ ಕೆಲಸಕ್ಕೆ ಸದಾ ಹಾರಾಡುವವರು ವಿಮಾನ ಕಂಪನಿಯಲ್ಲಿ ಮೇಲಿನ ದರ್ಜೆ ಗಳಿಸಿರುತ್ತಾರೆ. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಗುಂಪಿನಲ್ಲಿದೆ, ಅಲ್ಲಿ ಗೋಲ್ಡ್ ದರ್ಜೆ ಇದ್ದವರು ಎಕಾನಮಿ ಟಿಕೆಟ್ಟಿನಲ್ಲೇ ಲೌಂಜಿಗೆ ಹೋಗಬಹುದು, ಜೊತೆಗೊಬ್ಬರನ್ನು ಕರೆದುಕೊಂಡೂ ಹೋಗಬಹುದು. ಮದುವೆಯಾಗುವ ಹುಡುಗಿಯರು ಇದನ್ನೊಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಈಗ ನನ್ನ ತಕರಾರು. ಹೆಚ್ಚಿನ ಲೌಂಜುಗಳಲ್ಲಿ ವಿಮಾನ ಹೊರಡುವುದಕ್ಕೆ ಎರಡು ಮೂರು ಗಂಟೆ ಮೊದಲು ಮಾತ್ರ ಒಳಗೆ ಬಿಡುತ್ತಾರೆ. ಈ ನಿಯಮ ಮಾಡಿದವರು ಇಂದಿರಾನಗರದಲ್ಲಿ ಮನೆ ಇರುವವರೇ ಇರಬೇಕು. ಮೈಸೂರು, ಮಂಡ್ಯ, ಚಾಮರಾಜನಗರದಿಂದ ಬಂದವನಿಗೆ ಲೌಂಜ್ ಬೇಕಾಗಿರುವುದೇ ಆ ಮೊದಲ ಎರಡು ಗಂಟೆಗೆ! ಆಗ ಅವನು ಗಾಜಿನ ಬಾಗಿಲಿನ ಎದುರಿನ ಕಬ್ಬಿಣದ ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಾನೆ. ಬಾಗಿಲು ತೆರೆಯುವ ಹೊತ್ತಿಗೆ ಬಸ್ಸಿನಲ್ಲಿ ತಂದಿದ್ದ ಚಪಾತಿ ಮುಗಿಸಿ ಹೊಟ್ಟೆ ತುಂಬಿರುತ್ತದೆ. ಆದರೂ ಒಳಗೆ ಹೋಗುತ್ತಾನೆ, ಹೋಗದೆ ಇರಲಾಗುತ್ತದೆಯೇ, ಹಕ್ಕು ಅಲ್ವಾ.

ಊಟದ ಬಗ್ಗೆ ನಿಜ ಹೇಳಬೇಕು. ಇಡ್ಲಿ ಪರವಾಗಿಲ್ಲ. ಸಾಂಬಾರು ಯಾವ ಊರಿನವರಿಗೂ ಬೇಜಾರಾಗಬಾರದು ಅಂತ ಮಾಡಿದ್ದು, ಹಾಗಾಗಿ ಯಾವ ಊರಿನದೂ ಅಲ್ಲ. ದೋಸೆ ಕೌಂಟರ್ ಇದ್ದರೆ ಅಲ್ಲಿ ಕ್ಯೂ ನಿಲ್ಲಬೇಡಿ, ಮೈಸೂರಿನ ಬಾಯಿಗೆ ಅದು ಶಿಕ್ಷೆ. ಮೊಸರನ್ನ ಎಲ್ಲ ಕಡೆಯೂ ಚೆನ್ನಾಗಿರುತ್ತದೆ, ಯಾಕೋ ಗೊತ್ತಿಲ್ಲ. ಬೆಂಗಳೂರಿನ ಲೌಂಜಿಗೆ ಊರಿನ ಎಸ್‌ಟಿಡಿ ಕೋಡನ್ನೇ ಹೆಸರಿಟ್ಟು '080' ಅಂದಿದ್ದಾರೆ, ಅದು ನನಗೆ ಇಷ್ಟವಾಯಿತು. ನಮ್ಮ ಮೈಸೂರಿನದೇ ವಿಮಾನ ನಿಲ್ದಾಣ ಇರುವ ಮಂಡಕಳ್ಳಿಯಲ್ಲಿ ಯಾವತ್ತಾದರೂ ಒಂದು ತೆಗೆದರೆ '0821' ಅಂತಿಡಬಹುದು. ಆದರೆ ಮಂಡಕಳ್ಳಿಗೆ ಮನೆಯಿಂದ ಇಪ್ಪತ್ತು ನಿಮಿಷ. ಮೂರು ಗಂಟೆ ಮೊದಲು ಅಲ್ಲಿ ಯಾರು ಹೋಗಿ ಕೂರುತ್ತಾರೆ?

ಪುಕ್ಕಟೆ ಊಟಕ್ಕೆ ಮನುಷ್ಯ ಎಷ್ಟು ದೂರ ಹೋಗುತ್ತಾನೆ ಅನ್ನುವುದಕ್ಕೆ ಚೀನಾದ ಒಬ್ಬನ ಕಥೆ 2014ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಒಂದೇ ಒಂದು ಫಸ್ಟ್ ಕ್ಲಾಸ್ ಟಿಕೆಟ್ ತಗೊಂಡ. ದಿನಾ ಶಿಯಾನ್ ವಿಮಾನ ನಿಲ್ದಾಣಕ್ಕೆ ಹೋಗಿ ಲೌಂಜಿನಲ್ಲಿ ಉಂಡು, ಟಿಕೆಟ್ಟನ್ನು ಮುಂದಿನ ದಿನಕ್ಕೆ ಬದಲಾಯಿಸಿ ಮನೆಗೆ ಬರುತ್ತಿದ್ದ. ವರ್ಷದಲ್ಲಿ 300 ಸಲ. ಕೊನೆಗೆ ಟಿಕೆಟ್ ರದ್ದು ಮಾಡಿ ಪೂರ್ತಿ ದುಡ್ಡು ವಾಪಸ್ ತಗೊಂಡನಂತೆ.

ನಮ್ಮ ವಾಕಿಂಗ್ ಗುಂಪಿನ ಒಬ್ಬ ಹಿರಿಯರು ಅಷ್ಟು ದೂರ ಹೋದವರಲ್ಲ. ಅವರ ಮಗಳು ಹೈದರಾಬಾದಿನಲ್ಲಿದ್ದಾಳೆ. ಪ್ರತಿ ಸಲ "ಅಪ್ಪಾ, ಫ್ಲೈಟಲ್ಲಿ ಬನ್ನಿ" ಅಂದರೆ "ರಾತ್ರಿ ರೈಲು ಇದೆಯಲ್ಲಮ್ಮಾ, ಸುಮ್ನೆ ದುಡ್ಡು ದಂಡ" ಅನ್ನುತ್ತಿದ್ದರು. ಈ ಮಾರ್ಚಿನಲ್ಲಿ ಇದ್ದಕ್ಕಿದ್ದ ಹಾಗೆ ವಿಮಾನದ ಟಿಕೆಟ್ ಮಾಡಿಸಿದರು. ಏನ್ ಸಾರ್ ವಿಶೇಷ ಅಂತ ಕೇಳಿದೆವು. "ಕಾರ್ಡಿನಲ್ಲಿ ಒಂದು ಲೌಂಜ್ ಹಾಗೇ ಉಳಿದಿದೆ ಕಣ್ರೀ, 31ನೇ ತಾರೀಕಿಗೆ ಲ್ಯಾಪ್ಸ್ ಆಗತ್ತೆ" ಅಂದರು. ಪಕ್ಕದಲ್ಲಿ ನಡೆಯುತ್ತಿದ್ದ ಅವರ ಮನೆಯವರು ನಿಲ್ಲದೆಯೇ ಹೇಳಿದರು: "ಮಗಳು ಕರೆದರೆ ಹೋಗಲ್ಲ, ಬ್ಯಾಂಕು ಕರೆದರೆ ಹೋಗ್ತಾರೆ."