ಅಂಗಾಲು ನೋಡದ ತಜ್ಞರು

ಸಕ್ಕರೆ ಕಾಯಿಲೆಯವರನ್ನು ಖಾಲಿ ಹೊಟ್ಟೆಯಲ್ಲಿ ಬರಹೇಳಿ ಬೆಂಚಿನ ಮೇಲೆ ಗಂಟೆಗಟ್ಟಲೆ ಒಣಗಿಸುವ ಖಾಸಗಿ ಆಸ್ಪತ್ರೆಯವರಿಗೆ ಏನನ್ನಬೇಕು? ಏಳಕ್ಕೆಲ್ಲ ಬಂದುಬಿಡಿ ಎಂದು ನನಗೆ ಫೋನಿನಲ್ಲಿ ಹೇಳಿದವರೂ ಅವರೇ. ರಕ್ತ ತೆಗೆಯುವ ಹುಡುಗ ಬಂದದ್ದು ಮಾತ್ರ ಒಂಬತ್ತು ದಾಟಿದ ಮೇಲೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಹಿರಿಯರೊಬ್ಬರು ಬೆವೆತು ನಡುಗತೊಡಗಿದ್ದರು. ಅವರ ಸೊಸೆ ಚೀಲದಿಂದ ಬೆಲ್ಲದ ಚೂರು ತೆಗೆದರೆ, ಕೌಂಟರಿನಾಕೆ ಕೂತಲ್ಲಿಂದಲೇ ಕೂಗಿದಳು: "ಏನೂ ತಿನ್ನಿಸಬೇಡಿ, ರಿಪೋರ್ಟ್ ತಪ್ಪಾಗುತ್ತದೆ!" ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕೂಡಲೇ ಸಿಹಿ ಕೊಡಿ ಎಂಬ ಫಲಕ ಆಕೆಯ ತಲೆಯ ಮೇಲೆಯೇ ತೂಗುತ್ತಿತ್ತು. ಪುಣ್ಯಕ್ಕೆ ಸೊಸೆ ಆಕೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋದ ತಿಂಗಳಷ್ಟೇ ಬೇರೆ ಕಡೆ ಮಾಡಿಸಿದ್ದ ಎಚ್‌ಬಿಎ1ಸಿ ವರದಿ ನನ್ನ ಕೈಯಲ್ಲಿತ್ತು. ಹೊರಗಿನದ್ದು ನಡೆಯುವುದಿಲ್ಲವಂತೆ, ಅವರ ಲ್ಯಾಬಿನಲ್ಲೇ ಆಗಬೇಕಂತೆ. ಕೆಂಪು ರಕ್ತಕಣಕ್ಕೆ ಅಂಟಿಕೊಂಡ ಸಕ್ಕರೆಯನ್ನು ಅಳೆಯುವ ಪರೀಕ್ಷೆ ಅದು, ಆ ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಈ ಪರೀಕ್ಷೆ ಹೇಳುವುದೇ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು. ಮಾತ್ರೆ ಬದಲಾಗಿಲ್ಲ, ಊಟ ಬದಲಾಗಿಲ್ಲ. ಇಷ್ಟು ಬೇಗ ಅದರಲ್ಲಿ ಹೊಸದಾಗಿ ಕಾಣುವುದಾದರೂ ಏನು, ಬಿಲ್ಲೊಂದನ್ನು ಬಿಟ್ಟು?

ಮಧ್ಯಾಹ್ನದ ಹೊತ್ತಿಗೆ ಒಳಗೆ ಕರೆದರು. ತಜ್ಞರು ಕಂಪ್ಯೂಟರ್ ನೋಡಿದರು, ನನ್ನನ್ನು ನೋಡಲಿಲ್ಲ. "ಎಚ್‌ಬಿಎ1ಸಿ 7.9 ಇದೆ, ಮಾತ್ರೆ ಹೆಚ್ಚಿಸುತ್ತೇನೆ." ಸರ್, ರಾತ್ರಿಯಾದರೆ ಅಂಗಾಲು ಉರಿಯುತ್ತದೆ, ಬೆರಳೆಲ್ಲ ಜೋಮು ಹಿಡಿಯುತ್ತದೆ ಎಂದೆ. "ಶುಗರ್ ಇದ್ದವರಿಗೆ ಅದೆಲ್ಲ ಇದ್ದದ್ದೇ" ಎಂದು ಮುಂದಿನವರಿಗೆ ಬೆಲ್ ಒತ್ತಿದರು. ಚಪ್ಪಲಿ ಬಿಡಿ, ಕಾಲು ತೋರಿಸಿ ಎನ್ನುವಷ್ಟೂ ಪುರುಸೊತ್ತಿಲ್ಲ! ಪಾದಕ್ಕೆ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡಲು ಒಂದು ನೈಲಾನ್ ಎಳೆ ಸಾಕು, ಒಂದೆರಡು ನಿಮಿಷದ ಕೆಲಸ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಮಾತ್ರೆ ನುಂಗಿದವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು, ಅದರಿಂದಲೂ ಕಾಲು ಜೋಮು ಹಿಡಿಯಬಹುದು, ಒಮ್ಮೆ ಪರೀಕ್ಷೆ ಮಾಡಿಸಿ ಎಂದು ನನಗೆ ಹೇಳಿದ್ದು ನಮ್ಮ ಬೀದಿಯ ಔಷಧದಂಗಡಿಯವರು. ಎಂಟುನೂರು ರೂಪಾಯಿ ಎಣಿಸಿಕೊಂಡವರಿಗೆ ಅದು ನೆನಪಾಗಲಿಲ್ಲ. ಬೇಡದ ಪರೀಕ್ಷೆಯನ್ನು ಬರೆದರು, ಬೇಕಾದದ್ದನ್ನು ಬಿಟ್ಟರು.

ಹೊರಗೆ ಸಹಾಯಕಿ ಆಹಾರದ ಪಟ್ಟಿಯೊಂದನ್ನು ಕೈಗೆ ತುರುಕಿದಳು. ಓಟ್ಸ್, ಆಲಿವ್ ಎಣ್ಣೆ, ಬ್ರೊಕೊಲಿ, ಸಾಲ್ಮನ್ ಮೀನು. ಮಂಡ್ಯದ ಕಡೆಯವನು ಸಾಲ್ಮನ್ ಎಲ್ಲಿ ಹಿಡಿಯಲಿ, ವಿ.ಸಿ. ನಾಲೆಯಲ್ಲಿಯೇ? ಹೊತ್ತಿಗೆ ಎಷ್ಟು ಗಾತ್ರದ ಮುದ್ದೆ ತಿನ್ನಬಹುದಮ್ಮ ಎಂದು ಕೇಳಿದೆ. "ಎಲ್ಲ ಪಟ್ಟಿಯಲ್ಲಿದೆ, ಓದಿಕೊಳ್ಳಿ." ಹಿಂದೆ ಮುಂದೆ ತಿರುಗಿಸಿ ಓದಿದೆ. ರಾಗಿಯ ಸುದ್ದಿಯೇ ಇಲ್ಲ.

ಚೀಟಿಯಲ್ಲಿ ಬರೆದ ಬ್ರಾಂಡು ಕೆಳಮಹಡಿಯ ಅವರದೇ ಅಂಗಡಿಯಲ್ಲಲ್ಲದೆ ನಾನು ವಿಚಾರಿಸಿದ ಬೇರೆಲ್ಲೂ ಸಿಗಲಿಲ್ಲ. ಸೋಮವಾರ ಜಿಲ್ಲಾ ಆಸ್ಪತ್ರೆಗೆ ಹೋಗುತ್ತೇನೆ. ಸಾಲು ಉದ್ದವಿರುತ್ತದೆ, ಗೊತ್ತು. ದುಡ್ಡು ಕೊಟ್ಟು ಅವಮಾನ ಮಾಡಿಸಿಕೊಳ್ಳುವ ಭಾಗ್ಯವಾದರೂ ತಪ್ಪುತ್ತದೆ.