ನೋವಿಲ್ಲ ಅಂದ ಮಾತ್ರಕ್ಕೆ ಹುಳುಕಿಲ್ಲ ಅಂತಲ್ಲ

"ಹಲ್ಲು ನೋಯ್ತಿಲ್ವಲ್ಲ, ಮತ್ಯಾಕೆ ಡಾಕ್ಟರ್ ಹತ್ರ ಹೋಗ್ಬೇಕು?" ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಲ್ಲಿನ ಮೇಲ್ಪದರವಾದ ಎನಾಮಲ್‌ನಲ್ಲಿ ನರವೇ ಇಲ್ಲ. ಅದು ಕರಗುತ್ತಿದ್ದರೂ ನಮಗೆ ತಿಳಿಯುವುದಿಲ್ಲ. ಹುಳುಕು ಒಳಪದರಕ್ಕೆ ಇಳಿದ ಮೇಲೆ ತಣ್ಣಗಿನದೋ ಸಿಹಿಯೋ ತಾಗಿದರೆ ಜುಮ್ಮೆನ್ನುತ್ತದೆ. ನಿದ್ದೆಗೆಡಿಸುವ ನೋವು ಶುರುವಾಗುವ ಹೊತ್ತಿಗೆ ಅದು ನರದ ತನಕ ಹೋಗಿರುತ್ತದೆ. ಆಮೇಲೆ ರೂಟ್ ಕೆನಾಲ್, ಇಲ್ಲವೇ ಹಲ್ಲು ಕೀಳಿಸುವುದು.

ಹುಳುಕು ಮೊದಲು ಕಾಣಿಸುವುದು ಕಪ್ಪಗಲ್ಲ, ಬೆಳ್ಳಗೆ. ಮಗುವಿನ ಮೇಲ್ತುಟಿ ಮೆಲ್ಲಗೆ ಎತ್ತಿ, ಹಲ್ಲನ್ನು ಒಣಬಟ್ಟೆಯಿಂದ ಒರೆಸಿ, ಒಳ್ಳೆ ಬೆಳಕಿನಲ್ಲಿ ನೋಡಿ. ಒಸಡಿನ ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಹೊಳಪಿಲ್ಲದ ಬಿಳಿ ಗೆರೆ ಕಂಡರೆ ತಡಮಾಡದೆ ತೋರಿಸಿ. ಈ ಹಂತದಲ್ಲಿ ಸಾಮಾನ್ಯವಾಗಿ ಹಲ್ಲು ಕೊರೆಯುವ ಮಾತೇ ಬರುವುದಿಲ್ಲ. ಹಲ್ಲನ್ನು ಗಟ್ಟಿ ಮಾಡುವ ಖನಿಜವಾದ ಫ್ಲೋರೈಡ್ ಸಿಕ್ಕರೆ, ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಆ ಜಾಗ ಮತ್ತೆ ಗಟ್ಟಿಯಾಗಬಹುದು. ತೂತು ಬಿದ್ದ ಮೇಲೆ ಮಾತ್ರ ಅದು ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆ ಅಂತ ಬಿಡಬೇಡಿ. ಅದರ ಎನಾಮಲ್ ತೆಳು, ಹುಳುಕು ಬೇಗ ಒಳಗಿಳಿಯುತ್ತದೆ. ಇನ್ನೊಂದು ವಿಷಯ ತುಂಬಾ ಜನರ ಗಮನಕ್ಕೇ ಬರುವುದಿಲ್ಲ. ಸುಮಾರು 6 ವರ್ಷಕ್ಕೆ ಬಾಯಿಯ ಹಿಂಭಾಗದಲ್ಲಿ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಇದನ್ನೂ ಹಾಲುಹಲ್ಲು ಅಂದುಕೊಂಡುಬಿಡುತ್ತಾರೆ. ಬ್ರಷ್ಷಿನ ಎಳೆಯೂ ಇಳಿಯದಷ್ಟು ಕಿರಿದಾದ ಗೀರುಗಳು ಅದರ ಮೇಲಿರುತ್ತವೆ. ಅವನ್ನು ಸೀಲೆಂಟ್ ಅನ್ನುವ ತೆಳುವಾದ ರಕ್ಷಣಾ ಲೇಪ ಹಾಕಿ ಮುಚ್ಚಬಹುದು. ಕೇಳಿ ಹಾಕಿಸಿ.

ಸಕ್ಕರೆ ಎಷ್ಟು ತಿಂದೆವು ಅನ್ನುವಷ್ಟೇ ಎಷ್ಟು ಸಲ ತಿಂದೆವು ಅನ್ನುವುದೂ ಮುಖ್ಯ. ಪ್ರತಿ ಸಲವೂ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತವೆ. ಪಿಎಚ್ (ಆಮ್ಲದ ಅಳತೆ, ಇದು ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ನಡುವೆ ಮತ್ತೆ ಸಿಹಿ ಬಿದ್ದರೆ ಮತ್ತೆ ಮೊದಲಿನಿಂದ ಶುರು. ದಿನವಿಡೀ ಸಿಹಿ ಪಾನೀಯ ಗುಟುಕರಿಸುವುದು ಅದಕ್ಕೇ ಜಾಸ್ತಿ ಕೆಟ್ಟದ್ದು.

ನಿದ್ದೆಯಲ್ಲಿ ಜೊಲ್ಲು ಕಡಿಮೆ. ಹಾಗಾಗಿ ರಾತ್ರಿಯ ಬ್ರಷ್ ತಪ್ಪಿಸಲೇಬಾರದು. ಫ್ಲೋರೈಡ್ ಇರುವ ಪೇಸ್ಟ್ ಬಳಸಿ. 3 ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, 6ರವರೆಗೆ ಬಟಾಣಿಯಷ್ಟು ಸಾಕು. ಉಜ್ಜಿದ ಮೇಲೆ ನೊರೆ ಉಗಿಯಿರಿ, ನೀರು ಹಾಕಿ ಮುಕ್ಕಳಿಸಬೇಡಿ. ಫ್ಲೋರೈಡ್ ಸುಮ್ನೆ ತೊಳೆದುಹೋಗುತ್ತದೆ, ಅಲ್ವಾ?

ಎರಡು ಹಲ್ಲುಗಳ ಸಂದಿಯಲ್ಲಿ ಹುಟ್ಟುವ ಹುಳುಕನ್ನು ಮಾತ್ರ ಮನೆಯಲ್ಲಿ ಕನ್ನಡಿ ಹಿಡಿದು ಕಂಡುಹಿಡಿಯುವುದು ಕಷ್ಟ. ಅದಕ್ಕೆ ಡಾಕ್ಟರ್ ಬೇಕು, ಕೆಲವೊಮ್ಮೆ ಎಕ್ಸ್‌ರೇಯೂ ಬೇಕು.