ಮೈಸೂರು ಶ್ರೀಯ ಮೈಕಟ್ಟು

ಎದುರುಮನೆ ರಾಯರಿಗೆ ವಿದೇಶಾಂಗ ಖಾತೆಯನ್ನು ಯಾರೂ ಕೊಟ್ಟಿಲ್ಲ. ಆದರೂ ಬೆಳಗ್ಗೆ ಆರಕ್ಕೆ ಹಾಲಿನ ಪ್ಯಾಕೆಟ್ ಹಿಡಿದು ಗೇಟಿನ ಮುಂದೆ ನಿಂತರೆಂದರೆ ಏಳರೊಳಗೆ ಚೀನಾ, ಟರ್ಕಿ, ಅಮೆರಿಕ ಮೂರೂ ಇತ್ಯರ್ಥ. ಕಾಫಿಗೆ ಹಾಲಿಲ್ಲದೆ ಒಳಗೆ ಅವರ ಮನೆಯವರು ಕಾಯುತ್ತಿರುತ್ತಾರೆ.

2025ರ ಮೇ ತಿಂಗಳ ಕೊನೆಯಲ್ಲಿ ನನ್ನನ್ನು ಅಡ್ಡಹಾಕಿ ಫೋನ್ ತೋರಿಸಿದರು. ಜೈಪುರದ ಕೆಲವು ಮಿಠಾಯಿ ಅಂಗಡಿಗಳು ಮೈಸೂರು ಪಾಕಿನ ಬಾಲದಲ್ಲಿದ್ದ ‘ಪಾಕ್’ ಕತ್ತರಿಸಿ ‘ಮೈಸೂರು ಶ್ರೀ’ ಎಂದು ನಾಮಕರಣ ಮಾಡಿದ್ದವು. ಮೋತಿ ಪಾಕ್ ಮೋತಿ ಶ್ರೀ ಆಗಿತ್ತು, ಗೋಂದ್ ಪಾಕ್ ಗೋಂದ್ ಶ್ರೀ.

“ನೋಡಿ ಸಾರ್, ದೇಶಭಕ್ತಿ ಅಂದ್ರೆ ಇದು. ನಾವೂ ಇದೀವಿ, ದಂಡಕ್ಕೆ.”

ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದು ತಿಂಗಳಾಗಿತ್ತಷ್ಟೆ. ಸಿಟ್ಟು ಎಲ್ಲರಿಗೂ ಇತ್ತು, ನನಗೂ ಇತ್ತು. ಕಡಲೆಹಿಟ್ಟಿನ ಮೇಲೆ ಇರಲಿಲ್ಲ.

“ರಾಯರೇ, ನಮ್ಮ ಕಡೆ ಮೈಸೂರು ಶ್ರೀ, ದಸರಾ ಶ್ರೀ ಅಂದ್ರೆ ಮೈಗೆಲ್ಲ ಎಣ್ಣೆ ಬಳ್ಕೊಂಡು, ಚಡ್ಡೀಲಿ ನಿಂತು ತೋಳು ಉಬ್ಬಿಸ್ತಾರಲ್ಲ, ಅವರು. ಅಂಗಡಿಗೆ ಹೋಗಿ ಕಾಲು ಕೆಜಿ ಮೈಸೂರು ಶ್ರೀ ಕೊಡಿ ಅಂದ್ರೆ, ತೊಡೇದೋ ರಟ್ಟೇದೋ ಅಂತ ಕೇಳಿಯಾರು.”

ರಾಯರು ನಗಲಿಲ್ಲ. ದೇಶದ ವಿಚಾರ ಬಂದಾಗ ಅವರು ನಗುವುದಿಲ್ಲ.

ನಾನು ಸುಮ್ಮನಿರಬೇಕಿತ್ತು. ಪಾಕ ಅಂದರೆ ಬೇಯಿಸುವುದು ಸ್ವಾಮಿ, ಸಂಸ್ಕೃತ. ಪಾಕಿಸ್ತಾನದ ಹೆಸರಲ್ಲಿರುವುದು ಪಾರಸಿಯ ಪಾಕ್, ಶುದ್ಧ ಎಂದರ್ಥ, ಆ ಹೆಸರನ್ನು ಟಂಕಿಸಿದ್ದೇ 1933ರಲ್ಲಿ ಎಂದು ಶುರುಮಾಡಿದೆ. ನಾಲ್ವಡಿಯವರ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರು ತುಪ್ಪ, ಸಕ್ಕರೆ, ಕಡಲೆಹಿಟ್ಟು ಬೆರೆಸಿ ಹೊಸ ಸಿಹಿ ಮಾಡಿದರಂತೆ, ಮಹಾರಾಜರು ಹೆಸರೇನೆಂದಾಗ ಬಾಯಿಗೆ ಬಂದದ್ದು ಹೇಳಿದರಂತೆ. ಆಗ ಅವರ ಕಣ್ಣಮುಂದಿದ್ದದ್ದು ಬಾಣಲೆ, ಗಡಿಯಲ್ಲ. ಪಾಕ ಬೇಡವೆಂದರೆ ನಳಪಾಕ ನಳಶ್ರೀ ಆಗಬೇಕು, ಬಚ್ಚಲಿಗೆ ಹಾಕಿಸುವ ನಲ್ಲಿಯ ಕಂಪನಿ ಅನ್ನಿಸುತ್ತದೆ. ಕಾವ್ಯ ಪಾಠ ಮಾಡುವ ಮೇಷ್ಟ್ರು ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಎಂದೆಲ್ಲ ಬಾಯಿಬಿಟ್ಟರೆ ಠಾಣೆಗೆ ಕರೆಸಬೇಕು. ಮಾತಿನ ಭರದಲ್ಲಿ, ಪಾಕನೆಂಬ ಅಸುರನನ್ನು ಕೊಂದ ಇಂದ್ರನಿಗೆ ಪಾಕಶಾಸನ ಎಂಬ ಹೆಸರಿದೆ ಎಂದೂ ಅಂದುಬಿಟ್ಟೆ.

ರಾಯರ ಮುಖ ಅರಳಿತು. “ನೋಡಿದ್ರಾ! ಪುರಾಣದಲ್ಲೇ ಇದೆ!” ಸಂಜೆಯೊಳಗೆ ಅದು ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ತಿರುಗಾಡಿತು, ಕೆಳಗೆ ‘ವಿದ್ವಾಂಸರ ಅಭಿಪ್ರಾಯ’ ಎಂದು ಸೇರಿಸಿ. ಬಾಯಿಬಿಟ್ಟು ಕೆಟ್ಟೆ.

ಈ ರೋಗ ನಮ್ಮೊಬ್ಬರದೇ ಅಲ್ಲವೆಂಬುದೊಂದು ಸಮಾಧಾನ. ಇರಾಕ್ ಯುದ್ಧಕ್ಕೆ ಫ್ರಾನ್ಸ್ ಒಪ್ಪಲಿಲ್ಲವೆಂದು 2003ರಲ್ಲಿ ಅಮೆರಿಕದ ಸಂಸತ್ತಿನ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸ್ ‘ಫ್ರೀಡಂ ಫ್ರೈಸ್’ ಆಯಿತು. 2006ರಲ್ಲಿ ಸದ್ದಿಲ್ಲದೆ ಹಳೆ ಹೆಸರು ವಾಪಸಾಯಿತು. ಆಲೂಗಡ್ಡೆಗೆ ಎರಡೂ ಗೊತ್ತಾಗಲಿಲ್ಲ. 2021ರಲ್ಲಿ ಗುಜರಾತ್ ಸರ್ಕಾರ ಡ್ರ್ಯಾಗನ್ ಹಣ್ಣನ್ನು ‘ಕಮಲಂ’ ಮಾಡಿತು. ಕರಾಚಿ ಬೇಕರಿಯ ಕತೆ ಮಾತ್ರ ನಗುವಂಥದ್ದಲ್ಲ. ವಿಭಜನೆಯಲ್ಲಿ ಊರು ಕಳೆದುಕೊಂಡು ಬಂದ ಸಿಂಧಿ ಹಿಂದೂ ಕುಟುಂಬ 1953ರಲ್ಲಿ ಹೈದರಾಬಾದಿನಲ್ಲಿ ತೆರೆದ ಅಂಗಡಿ ಅದು. ಬಿಟ್ಟುಬಂದ ಊರಿನ ಹೆಸರನ್ನು ಬೋರ್ಡಿನಲ್ಲಾದರೂ ಉಳಿಸಿಕೊಂಡರು. 2019ರಲ್ಲಿ ಬೆಂಗಳೂರಿನ ಇಂದಿರಾನಗರದ ಶಾಖೆ ಆ ಹೆಸರಿಗೆ ಬಟ್ಟೆ ಮುಚ್ಚಬೇಕಾಯಿತು. ಬಿಸ್ಕತ್ತು ತಿರುಗಿ ಹೊಡೆಯುವುದಿಲ್ಲ ನೋಡಿ.

ರಾಯರ ಇನ್ನೊಂದು ಖಾತೆ ಜಲಸಂಪನ್ಮೂಲ. 1960ರ ಸಿಂಧೂ ಒಪ್ಪಂದವನ್ನು ಭಾರತ ತಡೆಹಿಡಿದ ದಿನ ಬೀದಿಗೆಲ್ಲ ಪೇಡ ಹಂಚಿದರು. “ಮೇಲ್ಗಡೆ ಇರೋರು ನಾವು, ಒಂದು ಹನಿ ಬಿಡಬಾರದು!” ಈ ತತ್ವವನ್ನು ಅವರು ಬಹಳ ವರ್ಷದಿಂದ ಪಾಲಿಸಿಕೊಂಡು ಬಂದಿದ್ದಾರೆ. ಎರಡು ದಿನಕ್ಕೊಮ್ಮೆ ಕಾವೇರಿ ನೀರು ಬಂದ ಕೂಡಲೇ ಪೈಪಿಗೇ ಮೋಟಾರು ಹಚ್ಚಿ ಎಳೆಯುತ್ತಾರೆ. ಅವರ ಸಂಪು ತುಂಬಿ ಚರಂಡಿಗೆ ಹರಿಯುವ ಹೊತ್ತಿಗೆ, ಇಳಿಜಾರಿನ ಕೊನೆಮನೆಯ ಅಜ್ಜಿ ನಲ್ಲಿ ತಿರುಗಿಸಿ ಗಾಳಿಯ ಸದ್ದು ಕೇಳುತ್ತಿರುತ್ತಾರೆ. ಅಜ್ಜಿಯ ಜೊತೆ ನಮ್ಮ ಬೀದಿಗೆ ಒಪ್ಪಂದವೇ ಇಲ್ಲದ್ದರಿಂದ ತಡೆಹಿಡಿಯುವ ಪ್ರಶ್ನೆಯೂ ಬರುವುದಿಲ್ಲ. ಸಾರ್ವಜನಿಕ ನೈತಿಕತೆ ಕೂಡ ಅವರದೇ ಸುಪರ್ದಿ. ಪಾರ್ಕಿನ ಬೆಂಚಿನಲ್ಲಿ ಜೋಡಿ ಕೂತರೆ ಸಂಸ್ಕೃತಿ ಹಾಳಾಯಿತೆನ್ನುತ್ತಾರೆ, ಫುಟ್‌ಪಾತಿನ ಮೇಲೆ ನಿಲ್ಲಿಸಿದ ಸ್ವಂತ ಕಾರಿಗೆ ಒರಗಿಕೊಂಡು.

ಮೊನ್ನೆ ಭಾನುವಾರ ಅವರ ಮನೆಯಿಂದ ತುಪ್ಪ ಕಾದ ಘಮ ಬೀದಿಗೆಲ್ಲ ಹರಡಿತ್ತು. ಮಗಳು, ಅಳಿಯ ಬರುವವರಿದ್ದರು. ರಾಯರು ಗೇಟಿನಲ್ಲಿ ಅಮೆರಿಕದ ಸುಂಕಕ್ಕೆ ಉತ್ತರ ಕೊಡುತ್ತಿದ್ದರು. ಒಳಗಿಂದ ಕೂಗು ಬಂತು:

“ರೀ, ಪಾಕ ಬಂತು! ನಾನು ಕೈಯಾಡಿಸ್ತೀನಿ, ನೀವು ಹಿಟ್ಟು ಉದುರಿಸಿ ಬನ್ನಿ!”

ರಾಯರು ಅತ್ತಿತ್ತ ನೋಡಿ ತಗ್ಗಿದ ದನಿಯಲ್ಲಿ, “ಶ್ರೀ ಅನ್ನೇ, ಜನ ಕೇಳಿಸ್ಕೋತಾರೆ” ಎಂದರು.

“ಶ್ರೀನೂ ಇಲ್ಲ, ಶ್ರೀಮತೀನೂ ಇಲ್ಲ. ತಳ ಹತ್ತುತ್ತೆ, ಬರ್ತೀರೋ ಇಲ್ವೋ?”

ಪಂಚೆ ಎತ್ತಿ ಕಟ್ಟಿಕೊಂಡು ಓಡಿದರು.